ಸರೋವರ ಅಲ್ಲ ಕಣೇ, ಇದು ಕೆರೆ: ಉದಯಪುರದ ಹಳೇ ಪೇಟೆಯಲ್ಲಿ ಅಮ್ಮನ ಜೊತೆ ಒಂದು ದಿನ

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಆಫೀಸಿನಲ್ಲಿ ಒಂದೇ ಕಿವಿಗೆ ಇಯರ್‌ಬಡ್ ಹಾಕ್ಕೊಂಡು ಕದ್ದು ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಇವತ್ತು ನಿಮ್ಮನ್ನ ರಾಜಸ್ಥಾನದ ಉದಯಪುರಕ್ಕೆ ಕರ್ಕೊಂಡು ಹೋಗ್ತೀನಿ. ರೀಲ್ಸ್‌ನಲ್ಲಿ ಎಲ್ಲರೂ ನೋಡಿರ್ತೀರಾ. ನೀರಿನ ಮಧ್ಯೆ ಬಿಳಿ ಅರಮನೆ, ದಡದಲ್ಲಿ ಕಮಾನುಗಳು, ಸೂರ್ಯಾಸ್ತ, ಹಿಂದೆ ಒಂದು ಸಾರಂಗಿ ಮ್ಯೂಸಿಕ್. ನಾನೂ ಅದನ್ನ ನೋಡೇ ಹೋಗಿದ್ದು. ಆದ್ರೆ ವಾಪಸ್ ಬರೋವಾಗ ತಲೇಲಿ ಇದ್ದಿದ್ದು ಬೇರೆ ವಿಷಯ.

ಅದಕ್ಕೂ ಮೊದಲು ಬೆಂಗಳೂರಿನ ನಮ್ಮ ಮನೆ ಬಗ್ಗೆ ಒಂದು ಮಾತು. ಜೋರು ಮಳೆ ಬಂದ್ರೆ ನಮ್ಮ ಮನೆಯೊಳಗೆ ನೀರು ನುಗ್ಗುತ್ತೆ. ಪ್ರತಿ ಸಲ ಅಲ್ಲ, ಎರಡು ಮೂರು ವರ್ಷಕ್ಕೊಮ್ಮೆ. ಅಪ್ಪ ಎರಡು ಸಲ ಹೊಸ್ತಿಲು ಎತ್ತರ ಮಾಡಿಸಿದ್ದಾರೆ. ಫ್ರಿಜ್ಜು ಇಟ್ಟಿಗೆ ಮೇಲೆ ನಿಂತಿದೆ. ಮೋಡ ಕಟ್ಟಿದ್ರೆ ಸಾಕು, ಅಮ್ಮ ಕೆಳಗಿರೋ ಅಕ್ಕಿ ಡಬ್ಬ ಎತ್ತಿ ಮೇಲಿಡ್ತಾರೆ. ನಾನು ಹುಟ್ಟಿದಾಗಿನಿಂದ ಇದು ಹೀಗೇ. ಇದನ್ನ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಕಳೆದ ಸಲ ರಜೆ ಸಿಕ್ಕಾಗ ಅಮ್ಮನಿಗೆ ಹೇಳಿದೆ, 'ನಡಿ, ಉದಯಪುರಕ್ಕೆ ಹೋಗೋಣ, ಸರೋವರಗಳ ನಗರ ಅಂತಾರೆ ಅದನ್ನ.' ಅಮ್ಮ ಹುರುಳಿಕಾಯಿ ಹೆಚ್ತಾ ಇದ್ರು. ತಲೆ ಎತ್ತದೇ ಕೇಳಿದ್ರು, 'ಕೆರೆ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?'

'ಇಲ್ಲಿ ಯಾವ ಕೆರೆ ಇದೆ, ತೋರಿಸು ನೋಡೋಣ' ಅಂದೆ ನಗ್ತಾ. ಅಮ್ಮ ಏನೂ ಹೇಳಲಿಲ್ಲ.

ಮೈಸೂರಿನಿಂದ ಬೆಂಗಳೂರು ಮೂಲಕ ಉದಯಪುರಕ್ಕೆ ವಾರಕ್ಕೊಂದು ಹಮ್‌ಸಫರ್ ರೈಲಿದೆ. ಅದರಲ್ಲೇ ಹೋದ್ವಿ. ಅಪ್ಪ ಬರಲಿಲ್ಲ, ಮೊಣಕಾಲು ನೋವು. ಪುಳಿಯೋಗರೆ, ಚಟ್ನಿಪುಡಿ, ಕೋಡುಬಳೆ ಎಲ್ಲ ಕಟ್ಕೊಂಡು, ನಾನು, ಅಮ್ಮ ಇಬ್ಬರೇ. ತಿಂಗಳು ನವೆಂಬರ್. ಅಂದ್ರೆ ಮಳೆಗಾಲ ಮುಗಿದು, ಕೆರೆಗಳು ತುಂಬಿ, ಚಳಿ ಆಗಷ್ಟೇ ಶುರುವಾಗಿತ್ತು.

ಹಳೇ ಪೇಟೆಯಲ್ಲೇ ಒಂದು ಸಣ್ಣ ಲಾಡ್ಜ್‌ನಲ್ಲಿ ಉಳ್ಕೊಂಡಿದ್ವಿ. ಬೆಳಿಗ್ಗೆ ಆರೂವರೆಗೆ ಎದ್ದು ಗಣಗೌರ್ ಘಾಟ್‌ಗೆ ಹೋದ್ವಿ. ನೀವು ಹೋದ್ರೆ ದಯವಿಟ್ಟು ಅದೇ ಹೊತ್ತಿಗೆ ಹೋಗಿ. ಎಂಟರ ಮೇಲೆ ಅಲ್ಲಿ ಪ್ರೀ ವೆಡ್ಡಿಂಗ್ ಶೂಟ್‌ನವರ ಕಾಲ ಶುರುವಾಗುತ್ತೆ. ಆರೂವರೆಗೆ ಮಾತ್ರ ಊರಿನವರ ಕಾಲ. ಮೂರು ದೊಡ್ಡ ಕಮಾನು ದಾಟಿದ್ರೆ ಮೆಟ್ಟಿಲುಗಳು ಸೀದಾ ನೀರಿಗೆ ಇಳಿಯುತ್ತವೆ. ಒಬ್ಬರು ಸ್ನಾನ ಮಾಡಿ ಸೂರ್ಯನಿಗೆ ನೀರು ಬಿಡ್ತಿದ್ರು. ಇಬ್ಬರು ಹೆಂಗಸರು ಬಟ್ಟೆ ಒಗೀತಿದ್ರು, ಕಲ್ಲಿಗೆ ಬಡಿಯೋ ಸದ್ದು ಆಚೆ ದಡಕ್ಕೆ ಹೋಗಿ ವಾಪಸ್ ಬರ್ತಿತ್ತು. ಪಾರಿವಾಳಗಳಿಗಂತೂ ಲೆಕ್ಕವೇ ಇಲ್ಲ.

ನಾನು ಫೋನ್ ತೆಗೆದು ವಿಡಿಯೋ ಮಾಡ್ತಿದ್ದೆ. ತಿರುಗಿ ನೋಡಿದ್ರೆ ಅಮ್ಮ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಕೊನೇ ಮೆಟ್ಟಿಲಲ್ಲಿ ಕಾಲು ನೀರಿಗೆ ಬಿಟ್ಟು ಕೂತಿದ್ದಾರೆ. ಪಕ್ಕದಲ್ಲಿ ಘಾಗ್ರಾ ಉಟ್ಟ ಒಬ್ಬ ಅಜ್ಜಿ. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಆ ಅಜ್ಜಿ ಆಡೋದು ಮೇವಾಡಿ. ಆದ್ರೂ ಇಬ್ಬರ ಮಾತು ನಡೀತಾ ಇತ್ತು, ಅರ್ಧ ಕೈಯಲ್ಲಿ, ಅರ್ಧ ಕಣ್ಣಲ್ಲಿ. ಅಮ್ಮ ನೀರು ತೋರಿಸಿ, ಕೈ ಬೊಗಸೆ ಮಾಡಿ ಬಾಯಿಗಿಟ್ಟು 'ಪೀತೇ?' ಅಂತ ಕೇಳಿದ್ರು. ಕುಡೀತೀರಾ ಅಂತ. ಅಜ್ಜಿ ನಕ್ಕು, ಇಲ್ಲಿಂದಲ್ಲ ಅನ್ನೋ ಥರ ಕೈಯಾಡಿಸಿ, ಹಿಂದಿನ ಗಲ್ಲಿ ಕಡೆ ತೋರಿಸಿ ನಲ್ಲಿ ತಿರುಗಿಸೋ ಹಾಗೆ ಮಾಡಿದ್ರು. ಅಂದ್ರೆ, ಇದೇ ನೀರು ಶುದ್ಧವಾಗಿ ನಮ್ಮ ಮನೆ ನಲ್ಲೀಲಿ ಬರುತ್ತೆ ಅಂತ.

ಅದು ನಿಜ. ಪಿಚೋಲಾ, ಫತೇಸಾಗರ್ ಎರಡೂ ಇವತ್ತಿಗೂ ಉದಯಪುರಕ್ಕೆ ಕುಡಿಯೋ ನೀರು ಕೊಡ್ತವೆ. ಊರು ಬೆಳೆದ ಮೇಲೆ ದೂರದ ಜೈಸಮಂದ್‌ನಿಂದ, ಮಾನ್ಸಿ ವಾಕಲ್ ಅಣೆಕಟ್ಟೆಯಿಂದಲೂ ನೀರು ತರ್ತಾರೆ. ಆದ್ರೆ ಊರಿನ ಕೆರೆಯನ್ನ ಬಿಟ್ಟಿಲ್ಲ.

ಘಾಟ್ ಪಕ್ಕದಲ್ಲೇ ಬಾಗೋರ್ ಕಿ ಹವೇಲಿ. ಮೇವಾಡದ ಪ್ರಧಾನಿಯಾಗಿದ್ದ ಅಮರಚಂದ್ ಬಡವಾ 18ನೇ ಶತಮಾನದಲ್ಲಿ ಕಟ್ಟಿಸಿದ ಮನೆ. ಮನೆ ಅಂದ್ರೆ ನೂರಕ್ಕೂ ಹೆಚ್ಚು ಕೋಣೆ! ಈಗ ಮ್ಯೂಸಿಯಂ. ಸಂಜೆ ಏಳಕ್ಕೆ ಅಲ್ಲಿ 'ಧರೋಹರ್' ಅಂತ ಜಾನಪದ ಕುಣಿತದ ಕಾರ್ಯಕ್ರಮ ಇರುತ್ತೆ, ತಲೆ ಮೇಲೆ ಒಂದರ ಮೇಲೊಂದು ಕೊಡ ಇಟ್ಕೊಂಡು ಕುಣೀತಾರೆ. ಬೇಗ ಹೋಗಿ ಸೀಟ್ ಹಿಡ್ಕೊಳ್ಳಿ.

ಅಲ್ಲಿಂದ ಏರು ಗಲ್ಲಿ ಹತ್ತಿದ್ರೆ ಜಗದೀಶ್ ಮಂದಿರ. 1651ರಲ್ಲಿ ಮಹಾರಾಣಾ ಒಂದನೇ ಜಗತ್ ಸಿಂಗ್ ಕಟ್ಟಿಸಿದ್ದು. ರಸ್ತೆಯಿಂದ ಕಡಿದಾದ ಮೆಟ್ಟಿಲು ಹತ್ತಿ ಹೋಗ್ಬೇಕು. ಅಮ್ಮ ಎಣಿಸ್ತಾ ಹತ್ತಿದ್ರು, ಮಧ್ಯೆ ಎರಡು ಸಲ ನಿಂತು. ಒಳಗೆ ಕಪ್ಪು ಕಲ್ಲಿನ ವಿಷ್ಣು, ಎದುರಿಗೆ ಹಿತ್ತಾಳೆಯ ಗರುಡ. ಗೋಡೆ ತುಂಬ ಆನೆ, ಕುದುರೆ, ನರ್ತಕಿಯರು. 'ಬೇಲೂರಿನಷ್ಟು ನುಣುಪಿಲ್ಲ' ಅಂತ ಅಮ್ಮ ಒಂದು ಸರ್ಟಿಫಿಕೇಟ್ ಕೊಟ್ರು. ಪ್ರಾಂಗಣದಲ್ಲಿ ಹೆಂಗಸರು ಗುಂಪಾಗಿ ಕೂತು ಭಜನೆ ಹಾಡ್ತಿದ್ರು. ಅಮ್ಮನೂ ಹೋಗಿ ಕೂತು ತಾಳ ಹಾಕಿದ್ರು. ನಾನು ಹೊರಗೆ ಚಪ್ಪಲಿ ಕಾದೆ.

ಆಮೇಲೆ ಪೇಟೆ. ಜಗದೀಶ್ ಚೌಕದಿಂದ ಘಂಟಾಘರ್‌ವರೆಗೆ, ಅಲ್ಲಿಂದ ಬಡಾ ಬಜಾರ್, ಆಚೆ ಹಾಥಿ ಪೋಲ್. ಪೋಲ್ ಅಂದ್ರೆ ಕೋಟೆ ಬಾಗಿಲು. ಸೂರಜ್ ಪೋಲ್, ಚಾಂದ್ ಪೋಲ್, ಕಿಶನ್ ಪೋಲ್ ಅಂತ ಹಳೇ ಊರಿನ ಸುತ್ತ ಹೀಗೆ ಬಾಗಿಲುಗಳ ಹೆಸರು ಉಳಿದಿವೆ. ಘಂಟಾಘರ್ ಸುತ್ತ ಬೆಳ್ಳಿ ಅಂಗಡಿಗಳು. ಅಮ್ಮ ಒಂದು ಜೊತೆ ಕಾಲುಂಗುರಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿ, ತಗೊಳ್ಳದೇ ಎದ್ದು ಬಂದ್ರು. ಒಂದು ಮೂಲೇಲಿ ಬಿಸಿಬಿಸಿ ಕಚೋರಿ, ಮಿರ್ಚಿ ಬಡಾ, ಟೀ. ಮಿರ್ಚಿ ಬಡಾ ಅಂದ್ರೆ ನಮ್ಮ ಮೆಣಸಿನಕಾಯಿ ಬಜ್ಜಿಯ ಅಣ್ಣ, ಒಳಗೆ ಆಲೂಗಡ್ಡೆ ಪಲ್ಯ ಬೇರೆ ತುಂಬಿರ್ತಾರೆ.

ಗಲ್ಲಿಗಳಲ್ಲಿ ನಡೀತಾ ಒಂದು ವಿಷಯ ಗಮನಿಸಿ. ಎಷ್ಟೋ ಮನೆಗಳ ಬಾಗಿಲ ಎರಡೂ ಕಡೆ ಗೋಡೆ ಮೇಲೆ ಆನೆ, ಕುದುರೆ ಚಿತ್ರ ಬರೆದಿರ್ತಾರೆ, ಮೇಲೆ ಗಣಪತಿ. ಆ ಮನೇಲಿ ಮದುವೆ ಆಯ್ತು ಅಂತ ಅರ್ಥ. ಹೊಸ ಬಣ್ಣ ಇದ್ರೆ ಹೊಸ ಮದುವೆ, ಮಾಸಿದ್ರೆ ಹಳೇದು. ಇನ್ನೊಂದು ವಿಷಯ ಅಮ್ಮನೇ ಹೇಳಿದ್ದು. 'ನೋಡು, ಯಾವ ಗಲ್ಲೀಲಿ ಇಳಿದ್ರೂ ಕೊನೇಗೆ ನೀರು ಸಿಗುತ್ತೆ.' ನಾನು ಮ್ಯಾಪ್ ನೋಡ್ಕೊಂಡು ದಾರಿ ತಪ್ತಾ ಇದ್ದೆ. ಅಮ್ಮ ಇಳಿಜಾರು ನೋಡ್ಕೊಂಡು ನಡೀತಿದ್ರು.

ಮಧ್ಯಾಹ್ನ ಅರಮನೆ. ಇಲ್ಲಿ ಸ್ವಲ್ಪ ಇತಿಹಾಸ ಹೇಳ್ತೀನಿ, ಸ್ಕಿಪ್ ಮಾಡ್ಬೇಡಿ, ಚಿಕ್ಕದು.

ಉದಯಪುರವನ್ನ ಮಹಾರಾಣಾ ಎರಡನೇ ಉದಯ್ ಸಿಂಗ್ ಸ್ಥಾಪಿಸಿದ್ದು 1559ರಲ್ಲಿ ಅನ್ನೋದು ಸಾಮಾನ್ಯವಾಗಿ ಹೇಳೋ ಲೆಕ್ಕ. ನಮ್ಮ ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿಸಿದ್ದು 1537ರಲ್ಲಿ. ಅಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ವಯಸ್ಸಿನ ಊರುಗಳು. 1568ರಲ್ಲಿ ಚಿತ್ತೋಡಗಢ ಅಕ್ಬರನ ಕೈ ಸೇರಿದ ಮೇಲೆ ಮೇವಾಡದವರಿಗೆ ಬೆಟ್ಟಗಳ ನಡುವಿನ ಈ ಜಾಗವೇ ಗಟ್ಟಿಯಾಯ್ತು. ಆಮೇಲೆ ಬಂದ ಒಬ್ಬೊಬ್ಬ ರಾಜನೂ ಒಂದೊಂದು ಮಹಲು ಸೇರಿಸ್ತಾ ಹೋದ, ಅರಮನೆ ಕೆರೆ ದಡದಲ್ಲಿ ಉದ್ದಕ್ಕೆ ಬೆಳೀತು. ಮೋರ್ ಚೌಕದಲ್ಲಿ ಗಾಜಿನ ಚೂರು ಜೋಡಿಸಿ ಮಾಡಿರೋ ನವಿಲುಗಳಿವೆ. ಅಲ್ಲಿ ಎಲ್ಲರೂ ಫೋಟೋಗೆ ಕ್ಯೂ ನಿಂತಿರ್ತಾರೆ, ನಾವೂ ನಿಂತ್ವಿ.

ಆದ್ರೆ ವಿಷಯ ಏನಪ್ಪ ಅಂದ್ರೆ, ಊರು ಹುಟ್ಟೋಕೆ ಮುಂಚೆನೇ ಪಿಚೋಲಾ ಇತ್ತು. 14ನೇ ಶತಮಾನದಲ್ಲಿ ಒಬ್ಬ ಬಂಜಾರ ಇದನ್ನ ಕಟ್ಟಿಸಿದ ಅಂತ ಪ್ರತೀತಿ. ಬಂಜಾರರು ಅಂದ್ರೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರ್ಕೊಂಡು ದೇಶವೆಲ್ಲ ಓಡಾಡ್ತಿದ್ದ ವ್ಯಾಪಾರಿಗಳು. ನಮ್ಮಲ್ಲಿ ಅವರನ್ನ ಲಂಬಾಣಿಗಳು ಅಂತೀವಿ. ವಿಜಯಪುರ, ಕಲಬುರಗಿ ಕಡೆ ತಾಂಡಾಗಳಲ್ಲಿ ಇವತ್ತೂ ಆಡೋ ಭಾಷೆಗೂ ರಾಜಸ್ಥಾನದ ಮಾತುಗಳಿಗೂ ನಂಟಿದೆ. ಪಕ್ಕದಲ್ಲಿದ್ದ ಪಿಚೋಲಿ ಅನ್ನೋ ಹಳ್ಳಿಯಿಂದ ಕೆರೆಗೆ ಹೆಸರು ಬಂತಂತೆ. ಉದಯ್ ಸಿಂಗ್ ಬಂದು ಕಟ್ಟೆಯನ್ನ ಎತ್ತರಿಸಿ, ಕೆರೆಯನ್ನ ದೊಡ್ಡದು ಮಾಡಿದ. ಅರಮನೆ ಕಿಟಕೀಲಿ ನಿಂತು ನೋಡಿದ್ರೆ ನೀರಿನ ನಡುವೆ ಕಾಣೋ ಬಿಳಿ ಜಗ್ ನಿವಾಸ್ ಇದೆಯಲ್ಲ, ಅದು ಬಂದಿದ್ದು 1740ರ ದಶಕದಲ್ಲಿ. ಅದು ಹೋಟೆಲ್ ಆಗಿದ್ದು 1963ರಲ್ಲಿ.

ಅರಮನೆಯಿಂದ ಇಳಿದು ದಕ್ಷಿಣಕ್ಕೆ ದೂಧ್ ತಲಾಯಿ ಕಡೆ ನಡ್ಕೊಂಡು ಹೋಗ್ತಿದ್ವಿ. ದಾರಿ ಮಧ್ಯೆ ಅಮ್ಮ ಇದ್ದಕ್ಕಿದ್ದಂತೆ ನಿಂತ್ರು. ಎಡಕ್ಕೆ ನೋಡಿದ್ರು, ಬಲಕ್ಕೆ ನೋಡಿದ್ರು. ಒಂದು ಕಡೆ ನೀರು, ಇನ್ನೊಂದು ಕಡೆ ನೆಲ ಕೆಳಗೆ ಇಳಿದಿದೆ.

'ಇದು ಸರೋವರ ಅಲ್ಲ ಕಣೇ, ಇದು ಕೆರೆ. ನಾವು ನಿಂತಿರೋದು ಏರಿ ಮೇಲೆ.'

ಪಕ್ಕದಲ್ಲಿ ಕಡಲೆಕಾಯಿ ಮಾರ್ತಿದ್ದವರನ್ನ ಇದಕ್ಕೇನಂತೀರಿ ಅಂತ ಕೇಳಿದೆ. 'ಪಾಲ್' ಅಂದ್ರು. ಬಡೀ ಪಾಲ್. ಪಾಲ್ ಅಂದ್ರೆ ಏರಿ. ಅಮ್ಮನ ಮುಖ ನೋಡ್ಬೇಕಿತ್ತು ನೀವು, ಪರೀಕ್ಷೇಲಿ ಫಸ್ಟ್ ಕ್ಲಾಸ್ ಬಂದವರ ಹಾಗೆ. ಅಲ್ಲಿಂದ ಪ್ರಶ್ನೆಗಳ ಮಳೆ. ತೂಬು ಎಲ್ಲಿದೆ? ಕೋಡಿ ಎಲ್ಲಿ ಬೀಳುತ್ತೆ? ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ?

ನನಗೆ ಒಂದೂ ಗೊತ್ತಿರಲಿಲ್ಲ. ಫೋನ್ ತೆಗೆದು ಓದ್ತಾ ಹೋದೆ, ಅಮ್ಮನಿಗೆ ಹೇಳ್ತಾ ಹೋದೆ. ನಿಮಗೂ ಹೇಳ್ತೀನಿ. ಪಶ್ಚಿಮದ ಅರಾವಳಿ ಗುಡ್ಡಗಳಿಂದ ಸೀಸಾರ್ಮಾ ಅನ್ನೋ ಹೊಳೆ ಪಿಚೋಲಾಗೆ ನೀರು ತರುತ್ತೆ. ಪಿಚೋಲಾಗೆ ಅಂಟ್ಕೊಂಡು ರಂಗ್ ಸಾಗರ್, ಸ್ವರೂಪ್ ಸಾಗರ್. ಅಲ್ಲಿಂದ ಒಂದು ಕಾಲುವೆ ಫತೇಸಾಗರ್‌ಗೆ. ಎಲ್ಲ ತುಂಬಿದ ಮೇಲೆ ಹೆಚ್ಚಾದ ನೀರು ಆಯಡ್ ನದಿಗೆ, ಅಲ್ಲಿಂದ ಉದಯ್ ಸಾಗರ್‌ಗೆ, ಮುಂದೆ ಬೇರಚ್, ಬನಾಸ್, ಚಂಬಲ್, ಯಮುನಾ, ಗಂಗೆ. ಅಂದ್ರೆ ರಾಜಸ್ಥಾನದ ಈ ಮೂಲೆಯ ಕೆರೆಯ ಕೋಡಿ ನೀರು ಕೊನೆಗೆ ಸೇರೋದು ಬಂಗಾಳ ಕೊಲ್ಲಿಯನ್ನ. ಸಾಲದ್ದಕ್ಕೆ ಗುಡ್ಡದ ಆಚೆ ಕಣಿವೆಯ ದೇವಾಸ್ ಅಣೆಕಟ್ಟೆಗಳಿಂದ ಸುರಂಗ ಕೊರೆದು ಪಿಚೋಲಾಗೆ ನೀರು ತಂದಿದ್ದಾರೆ.

ಅಮ್ಮ ಎಲ್ಲ ಕೇಳಿ ಒಂದೇ ಮಾತು ಹೇಳಿದ್ರು. 'ಸರಪಳಿ ಕೆರೆ. ನಮ್ಮಲ್ಲೂ ಹೀಗೇ ಇತ್ತು.'

ನಿಜ ಅಲ್ವಾ? ನಮ್ಮಲ್ಲೂ ಹೀಗೇ ಇತ್ತು. ದೊಡ್ಡ ನದಿ ಇಲ್ಲದ ಊರು ಬೆಂಗಳೂರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ರಾಜಕಾಲುವೆಯಲ್ಲಿ ನೀರು ಕೆಳಗಿನ ಕೆರೆಗೆ. ತೂಬು ನೋಡ್ಕೊಳ್ಳೋಕೆ ನೀರುಗಂಟಿ. ಇನ್ನು ಮಳೆ ಲೆಕ್ಕ ಹಾಕಿದ್ರೆ, ಉದಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸು. ಬೆಂಗಳೂರಿನ ಸರಾಸರಿ 900 ದಾಟುತ್ತೆ. ಮಳೆ ನಮಗೇ ಜಾಸ್ತಿ. ಹಾಗಿದ್ರೆ ಅವರ ಊರಿನ ಮಧ್ಯದ ಕೆರೆ ಉಳೀತು, ನಮ್ಮದು ಯಾಕೆ ಹೋಯ್ತು?

ನಾನು ತಕ್ಷಣ ಹೇಳಿದೆ, 'ಟೂರಿಸಂ ಅಮ್ಮ. ದುಡ್ಡು ಬರುತ್ತೆ, ಅದಕ್ಕೆ ಉಳಿಸ್ಕೊಂಡಿದ್ದಾರೆ.'

ಅದು ಪೂರ್ತಿ ಸರಿಯಲ್ಲ ಅಂತ ನನಗೆ ಗೊತ್ತಾಗಿದ್ದು ಬೋಟ್‌ನಲ್ಲಿ. ಸಂಜೆ ನಾಲ್ಕಕ್ಕೆ ಬೋಟ್ ಹತ್ತಿದ್ವಿ. ಬೋಟ್ ನಡೆಸ್ತಿದ್ದವರಿಗೆ ಐವತ್ತರ ಆಸುಪಾಸು ಇರಬಹುದು. ಅಮ್ಮನನ್ನ 'ಮಾತಾಜಿ' ಅಂತ ಕರೆದು ಮುಂದಿನ ಸೀಟು ಕೊಟ್ರು. ಈ ಕೆರೆ ಯಾವತ್ತಾದ್ರೂ ಒಣಗಿದೆಯಾ ಅಂತ ಅಮ್ಮ ನನ್ನ ಕೈಲಿ ಕೇಳಿಸಿದ್ರು.

ಅವರು ಎಂಜಿನ್ ಸದ್ದು ಸ್ವಲ್ಪ ಕಡಿಮೆ ಮಾಡಿದ್ರು. 2000ದ ದಶಕದ ಶುರುವಿನಲ್ಲಿ ವರ್ಷಗಟ್ಟಲೆ ಬರ ಬಂದಾಗ ಪಿಚೋಲಾ ಒಣಗಿ ಹೋಗಿತ್ತು. ಈಗ ನಾವು ತೇಲ್ತಾ ಇದ್ದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರಂತೆ. ನೀರಿನ ಮಧ್ಯದ ಅರಮನೆಗೆ ನಡ್ಕೊಂಡೇ ಹೋಗಬಹುದಿತ್ತಂತೆ. ಅವರ ಬೋಟು ಬಿರುಕು ಬಿಟ್ಟ ಮಣ್ಣಿನ ಮೇಲೆ ಮಗುಚಿ ಬಿದ್ದಿತ್ತು. ಕೂಲಿಗೆ ಹೋಗ್ತಿದ್ರಂತೆ.

'ಆಗ ನೆಲ ಎಲ್ಲ ಖಾಲಿ ಇತ್ತಲ್ಲ, ಯಾರೂ ಮನೆ ಕಟ್ಟಲಿಲ್ವಾ?' ಅಮ್ಮನ ಪ್ರಶ್ನೆ. ನಾನು ಹಿಂದೀಲಿ ಕೇಳಿದೆ.

ಅವರು ಅಮ್ಮನನ್ನ ವಿಚಿತ್ರವಾಗಿ ನೋಡಿದ್ರು. 'ಕೆರೆಯಲ್ಲಿ ಮನೆ ಕಟ್ಟೋದಾ? ಮಳೆ ಬಂದ್ರೆ ಕುಡಿಯೋಕೆ ನೀರು ಇಲ್ಲೇ ಅಲ್ವಾ ಬರಬೇಕು, ಮಾತಾಜಿ?' ಅಂದ್ರು. ಅವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಅಮ್ಮ ಆಮೇಲೆ ಬೋಟ್ ಇಳಿಯೋವರೆಗೂ ಮಾತಾಡಲಿಲ್ಲ.

ನೋಡಿ, ಇದು ನನಗೆ ತಟ್ಟಿದ ವಿಷಯ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಪೈಪ್‌ನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. 1974ರಲ್ಲಿ ಕಾವೇರಿ ಬಂತು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪ್ ಮಾಡ್ಕೊಂಡು. ತುಂಬ ಒಳ್ಳೇದೇ ಆಯ್ತು, ನಾವೆಲ್ಲ ಆ ನೀರು ಕುಡಿದೇ ಬೆಳೆದಿದ್ದು. ಆದ್ರೆ ನಲ್ಲೀಲಿ ನೀರು ಬಂದ ಮೇಲೆ ಮನೆ ಹತ್ತಿರದ ಕೆರೆ ಯಾರಿಗೂ ಬೇಡವಾಯ್ತು. ಸುತ್ತಲಿನ ಗದ್ದೆಗಳು ಸೈಟ್ ಆದ ಮೇಲಂತೂ ಕೇಳೋರೇ ಇಲ್ಲ. ಬೇಡವಾದ ಕೆರೆ ಖಾಲಿ ಜಾಗದ ಥರ ಕಾಣೋಕೆ ಶುರುವಾಯ್ತು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬಂತು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಕೋರಮಂಗಲದ ಕೆರೆ ಅಂಗಳದಲ್ಲಿ ನ್ಯಾಷನಲ್ ಗೇಮ್ಸ್ ವಿಲೇಜ್. ನಾವು ದಿನಾ ಬಸ್ ಹತ್ತೋದು, ಮ್ಯಾಚ್ ನೋಡೋದು ಎಲ್ಲ ಕೆರೆ ಮೇಲೇ.

ಹಾಗಂತ ಉದಯಪುರ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲೂ ಚರಂಡಿ ನೀರು ಕೆರೆಗೆ ಸೇರೋ ಸಮಸ್ಯೆ ಇದೆ. ಹಳೇ ಮನೆಗಳು ಒಂದೊಂದಾಗಿ ಹೋಟೆಲ್, ರೂಫ್‌ಟಾಪ್ ಕೆಫೆ ಆಗ್ತಿವೆ. ಘಾಟ್‌ನ ಮೂಲೇಲಿ ಚಿಪ್ಸ್ ಪ್ಯಾಕೆಟ್ ತೇಲ್ತಾ ಇದ್ದಿದ್ದನ್ನ ನಾನೇ ನೋಡಿದ್ದೀನಿ. ಕೇಂದ್ರ ಸರ್ಕಾರದ ಕೆರೆ ಸಂರಕ್ಷಣಾ ಯೋಜನೆಯಲ್ಲಿ ಪಿಚೋಲಾ, ಫತೇಸಾಗರ್ ಎರಡನ್ನೂ ಸೇರಿಸಿದ್ದು ಅವು ಕೆಟ್ಟಿದ್ದಕ್ಕೇ ತಾನೆ? ಆದ್ರೆ ಅಲ್ಲಿ ಕೆರೆ ಕೆಟ್ರೆ ಊರಿನವರಿಗೆ ಅದು ಮನೆ ವಿಷಯ. ಮಳೆಗಾಲದಲ್ಲಿ ಸ್ವರೂಪ್ ಸಾಗರ್ ಗೇಟ್ ತೆಗೀತಾರೆ ಅಂದ್ರೆ, ಫತೇಸಾಗರ್ ತುಂಬಿ ಹರೀತಿದೆ ಅಂದ್ರೆ, ಊರಿಗೆ ಊರೇ ನೋಡೋಕೆ ಹೋಗುತ್ತೆ. ನಮ್ಮ ಹಳ್ಳಿಗಳಲ್ಲಿ ಕೆರೆ ಕೋಡಿ ಬಿತ್ತು ಅಂದ್ರೆ ಬಾಗಿನ ಬಿಡೋಕೆ ಹೋಗ್ತಾರಲ್ಲ, ಹಾಗೇ.

ಸಂಜೆ ಕಾಲುಸೇತುವೆ ದಾಟಿ ಆಚೆ ದಡದ ಅಂಬರಾಯಿ ಘಾಟ್‌ಗೆ ಹೋದ್ವಿ. ಅಲ್ಲಿ ಕೂತ್ರೆ ಎದುರಿಗೆ ಇಡೀ ಹಳೇ ಪೇಟೆ. ಅರಮನೆ ಮೊದಲು ಕೇಸರಿ ಬಣ್ಣಕ್ಕೆ ತಿರುಗಿ, ಆಮೇಲೆ ಒಂದೊಂದೇ ದೀಪ ಹತ್ಕೊಳ್ಳುತ್ತೆ. ಯಾರೋ ಹುಡುಗ ಗಿಟಾರ್ ನುಡಿಸ್ತಿದ್ದ. ನಾನು ಮತ್ತೆ ಫೋನ್ ತೆಗೆದೆ. ಅಮ್ಮ ಕೇಳಿದ್ರು,

'ನಿಂಗೊಂದು ವಿಷಯ ಹೇಳ್ಲಾ?'

'ಹೇಳು.'

'ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆ ಇತ್ತಲ್ಲ, ನಿಮ್ಮಜ್ಜಿ ಬಾಗಿನ ಬಿಡೋಕೆ ನನ್ನನ್ನ ಕರ್ಕೊಂಡು ಹೋಗ್ತಿದ್ರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ. ಆ ಕೆರೆ ಎಲ್ಲಿತ್ತು ಗೊತ್ತಾ?'

'ಎಲ್ಲಿ?'

'ನಮ್ಮನೆ ಇರೋ ಜಾಗದಲ್ಲೇ.'

ನಾನು ಫೋನ್ ಕೆಳಗಿಟ್ಟೆ.

'ಕೆರೆ ಒಣಗಿ ಎಷ್ಟೋ ವರ್ಷ ಆಗಿತ್ತು. ಲೇಔಟ್ ಆಯ್ತು. ಬೇರೆ ಕಡೆಗಿಂತ ಅಗ್ಗಕ್ಕೆ ಸೈಟ್ ಸಿಕ್ತು ಅಂತ ನಿಮ್ಮಪ್ಪ ಖುಷಿಯಾಗಿ ಬಂದು ಹೇಳಿದ್ರು. ಅದು ಕೆರೆ ಅಂಗಳ ಅಂತ ನಿಮ್ಮಪ್ಪಂಗೆ ಗೊತ್ತಿರಲಿಲ್ಲ, ಅವರು ಬೇರೆ ಊರಿನವರು. ನಂಗೆ ಗೊತ್ತಿತ್ತು. ನಾನು ಹೇಳಲಿಲ್ಲ ಕಣೇ. ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ನಂಗೂ ಒಂದು ಮನೆ ಬೇಕಿತ್ತು.'

ಪಕ್ಕದಲ್ಲಿ ಯಾರೋ ಸೆಲ್ಫಿ ತೆಗೆದುಕೊಡ್ತೀರಾ ಅಂತ ಕೇಳಿದ್ರು. ತೆಗೆದುಕೊಟ್ಟೆ. ವಾಪಸ್ ಬಂದು ಕೂತೆ. ಅಮ್ಮ ಅಷ್ಟೇ ಸಮಾಧಾನವಾಗಿ ಹೇಳಿದ್ರು,

'ಪ್ರತಿ ಸಲ ಮನೆಗೆ ನೀರು ಬಂದಾಗ ಎಲ್ಲರೂ ಬೈಕೋತಾರೆ. ನಂಗೆ ಮಾತ್ರ, ಅದು ತನ್ನ ಜಾಗಕ್ಕೆ ತಾನು ಬಂದಿದೆ ಅನ್ಸುತ್ತೆ.'

ಹುರುಳಿಕಾಯಿ ಹೆಚ್ತಾ ಅಮ್ಮ ಯಾಕೆ ಸುಮ್ಮನಾದ್ರು ಅಂತ ಆಗ ಗೊತ್ತಾಯ್ತು ನನಗೆ. 'ಇಲ್ಲಿ ಯಾವ ಕೆರೆ ಇದೆ, ತೋರಿಸು' ಅಂದಿದ್ದೆ ನಾನು. ಕೆರೆ ಮೇಲೇ ನಿಂತ್ಕೊಂಡು.

ನಾನಿಲ್ಲೀವರೆಗೆ ಕೆರೆ ಒತ್ತುವರಿ ಸುದ್ದಿ ಓದಿದಾಗೆಲ್ಲ ಬೈತಿದ್ದೆ. ಯಾರೋ ದೊಡ್ಡವರು, ಯಾರೋ ದುಡ್ಡಿನವರು ನುಂಗಿದ್ರು ಅಂತ. ಅದು ಸುಳ್ಳಲ್ಲ. ಆದ್ರೆ ಆ ಪಟ್ಟೀಲಿ ನಮ್ಮ ಮನೆ ವಿಳಾಸನೂ ಇದೆ, ಅಮ್ಮನ ಒಂದು ಆಸೆನೂ ಇದೆ. ಅಮ್ಮನನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ತಪ್ಪೇ ಅಲ್ಲ ಅನ್ನೋಕೂ ಬರಲ್ಲ.

ವಾಪಸ್ ಬಂದ ಮೇಲೆ ಏನು ಮಾಡಿದ್ವಿ? ಮನೆ ಕೆಡವಲಿಲ್ಲ, ಕೆಡವೋ ಧೈರ್ಯನೂ ಇಲ್ಲ. ಒಂದು ಭಾನುವಾರ ಅಮ್ಮ ನನ್ನನ್ನ ಮನೆ ಹಿಂದಿನ ದೊಡ್ಡ ಮೋರಿ ಪಕ್ಕ ಕರ್ಕೊಂಡು ಹೋದ್ರು. ನಾನು ಇಪ್ಪತ್ತಾರು ವರ್ಷ ಮೂಗು ಮುಚ್ಕೊಂಡು ದಾಟಿದ ಮೋರಿ ಅದು. 'ಇದೇ ರಾಜಕಾಲುವೆ' ಅಂದ್ರು. ಅದರ ಪಕ್ಕದಲ್ಲೇ, ಇಳಿಜಾರು ನೋಡ್ಕೊಂಡು, ಉದಯಪುರದಲ್ಲಿ ನಡೆದ ಹಾಗೇ ನಡೆದ್ವಿ. ಮೂರು ಕಡೆ ಮನೆಗಳು ಅಡ್ಡ ಬಂದವು, ಸುತ್ತು ಹಾಕ್ಕೊಂಡು ಹೋದ್ವಿ. ನಲವತ್ತು ನಿಮಿಷ. ಕೊನೇಲಿ ಒಂದು ಕೆರೆ ಸಿಕ್ತು. ನಮ್ಮ ಕೆರೆಯ ಕೋಡಿ ನೀರು ಹೋಗ್ತಿದ್ದ ಮುಂದಿನ ಕೆರೆ. ಬೇಲಿ ಹಾಕಿದ್ದಾರೆ, ಅರ್ಧ ಜೊಂಡು ತುಂಬಿದೆ, ಆದ್ರೆ ಇದೆ. ಅಲ್ಲಿ ಏರಿಯಾದವರು ಸೇರಿ ತಿಂಗಳಿಗೆರಡು ಸಲ ಸ್ವಚ್ಛ ಮಾಡ್ತಾರೆ. ಈಗ ನಾನೂ ಹೋಗ್ತೀನಿ. ಅಪ್ಪನಿಗೂ ವಿಷಯ ಹೇಳಿದ್ವಿ. ಅವರು ಸ್ವಲ್ಪ ಹೊತ್ತು ಹೊಸ್ತಿಲನ್ನೇ ನೋಡಿ, 'ಅದಕ್ಕೇ ಎಷ್ಟು ಎತ್ತರಿಸಿದ್ರೂ ಸಾಲ್ತಿರಲಿಲ್ಲ' ಅಂದ್ರು. ಮುಂದಿನ ವಾರ ಮಳೆನೀರು ಇಂಗೋಕೆ ಗುಂಡಿ ತೋಡಿಸಿದ್ರು.

ಉದಯಪುರಕ್ಕೆ ಹೋಗೋರಿಗೆ ಎರಡು ಸಲಹೆ. ಹಳೇ ಪೇಟೆಗೆ ಒಂದು ಪೂರ್ತಿ ದಿನ ಇಡಿ, ಗಾಡಿ ಬಿಟ್ಟು ನಡೀರಿ. ಬೆಳಿಗ್ಗೆ ಗಣಗೌರ್ ಘಾಟ್, ಸಂಜೆ ಅಂಬರಾಯಿ. ಘಾಟ್‌ನಲ್ಲಿ ಸ್ನಾನ ಮಾಡೋರ ಕಡೆ ಕ್ಯಾಮೆರಾ ತಿರುಗಿಸ್ಬೇಡಿ, ಅದು ಅವರ ಊರು. ಮತ್ತೆ, ಬಡೀ ಪಾಲ್ ಮೇಲೆ ಒಂದು ನಿಮಿಷ ನಿಂತು ಎರಡೂ ಕಡೆ ನೋಡಿ.

ಹೋಗದೇ ಇರೋರಿಗೂ ಒಂದು ಕೆಲಸ ಇದೆ. ಈ ಸಂಚಿಕೆ ಮುಗಿದ ಮೇಲೆ ಮ್ಯಾಪ್ ತೆಗೆದು ನಿಮ್ಮ ಮನೆ ಹತ್ತಿರದ ಕೆರೆ ಎಲ್ಲಿದೆ ಹುಡುಕಿ. ಅದರ ಕೋಡಿ ಎಲ್ಲಿ, ಕೋಡಿ ನೀರು ಎಲ್ಲಿಗೆ ಹೋಗುತ್ತೆ ನೋಡಿ. ಮ್ಯಾಪ್‌ನಲ್ಲಿ ಸಿಗದಿದ್ರೆ ಮನೇಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಅವರು ಸುಮ್ಮನಾದ್ರೆ, ನನ್ನ ಹಾಗೆ ನಕ್ಕುಬಿಡ್ಬೇಡಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೊಳ್ಳಿ.